ಲಚ್ಚಿಯ ಉಬ್ಬಸ

ಯಾರಾದರೂ ಎದುರಿಗೆ ಒಂದು ಸಲ ಕೆಮ್ಮಿದರೆ ಸಾಕು, ಔಷಧಿ ಹೇಳದೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಎಮ್ಮೆಗೂ ವ್ಯಾಕರಣಕ್ಕೂ ಎಷ್ಟು ಸಂಬಂಧವೋ ನನಗೂ ವೈದ್ಯಕ್ಕೂ ಅಷ್ಟೇ. ಆದರೂ ಮೆಣಸು, ತುಳಸಿ, ಹಿಪ್ಪಲಿ ಎಂದು ಶುರುಮಾಡಿಬಿಡುತ್ತೇನೆ. ನನ್ನ ಹೆಂಡತಿ ಇದಕ್ಕೆ ‘ಬಾಯಿ ದವಾಖಾನೆ’ ಎಂದು ಹೆಸರಿಟ್ಟಿದ್ದಾಳೆ. ಈ ದವಾಖಾನೆಗೆ ಬಂದ ರೋಗಿಗಳಲ್ಲೆಲ್ಲ ದೊಡ್ಡವಳೆಂದರೆ ಲಚ್ಚಿ ಎಂಬ ಕುದುರೆ.

ಶ್ರೀರಂಗಪಟ್ಟಣದ ಗಂಜಾಂನಲ್ಲಿ ನಮ್ಮ ಪಕ್ಕದ ಮನೆಯವನು ಜವರಪ್ಪ. ಪ್ರವಾಸಿಗರನ್ನು ಗುಂಬಜ್‌ಗೂ ಸಂಗಮಕ್ಕೂ ಜಟಕಾದಲ್ಲಿ ಕರೆದೊಯ್ಯುವುದು ಅವನ ಕೆಲಸ. ಜಟಕಾ ಅವನದು, ಆದರೆ ಕುದುರೆ ಅವನ ಹೆಂಡತಿ ಪುಟ್ಟತಾಯಮ್ಮನದು ಎಂದರೆ ಸರಿ. ಹುರುಳಿ ಬೇಯಿಸುವುದು, ಮೈ ಉಜ್ಜುವುದು, ಗದರುವುದು ಎಲ್ಲ ಆಕೆಯೇ. ಲಚ್ಚಿಯೂ ಜವರಪ್ಪನ ಮಾತಿಗೆ ಒಂದು ಕಿವಿ ತಿರುಗಿಸಿದರೆ ಆಕೆಯ ಮಾತಿಗೆ ಎರಡೂ ಕಿವಿ ತಿರುಗಿಸುತ್ತಿದ್ದಳು.

ಹೋದ ಚಳಿಗಾಲ ಲಚ್ಚಿ ಕೆಮ್ಮತೊಡಗಿದಳು. ಆಮೇಲೆ ಸುಮ್ಮನೆ ನಿಂತಾಗಲೂ ಏದುಸಿರು. ಮೂಗಿನ ಹೊಳ್ಳೆಗಳು ಕಹಳೆಯ ಬಾಯಿಯಂತೆ ಅಗಲವಾಗಿ, ಪಕ್ಕೆಗಳು ಕಮ್ಮಾರನ ತಿದಿಯಂತೆ ಏಳುತ್ತ ಇಳಿಯುತ್ತ ಇದ್ದವು. ನಾವಾದರೆ ಮೂಗು ಕಟ್ಟಿದರೆ ಬಾಯಿ ತೆರೆಯುತ್ತೇವೆ. ಕುದುರೆಗೆ ಆ ಅನುಕೂಲವಿಲ್ಲ, ಅದು ಬಾಯಿಂದ ಉಸಿರಾಡಲಾರದು. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಒಂದು ಚೊಂಬು ಕಷಾಯ ಕಾಯಿಸಿ ಕೊಂಡೊಯ್ದೆ. ಲಚ್ಚಿ ಮೂಸಿ ನೋಡಿ ಮುಖ ತಿರುಗಿಸಿದಳು. ಅದನ್ನು ನಮ್ಮ ಮನೆಯವರೂ ಕುಡಿಯುವುದಿಲ್ಲವಾದ್ದರಿಂದ ನನಗೆ ಬೇಸರವಾಗಲಿಲ್ಲ.

ಬೀದಿಯವರೆಲ್ಲ ಒಂದೊಂದು ಹೇಳಿದರು. ವಯಸ್ಸಾಯಿತು ಎಂದರು, ದೃಷ್ಟಿ ಎಂದರು, ಎದೆ ಒಡೆದಿದೆ ಎಂದರು. ಕುತ್ತಿಗೆಯ ಸುಳಿಯೇ ಸರಿಯಿಲ್ಲ ಎಂದ ಹಿರಿಯರೊಬ್ಬರೂ ಇದ್ದರು. ಮೇಲುಕೋಟೆಯ ನನ್ನ ಸಂಸ್ಕೃತ ಪಂಡಿತ ಮಿತ್ರರು ಒಮ್ಮೆ ಹೇಳಿದ್ದರು: ಹಿಂದಿನವರು ಕುದುರೆಯ ಕೂದಲ ಸುಳಿ ನೋಡಿ ಅದರ ಒಡೆಯನಿಗೆ ಐಶ್ವರ್ಯವೋ ಅನಿಷ್ಟವೋ ಎಂದು ಲೆಕ್ಕ ಹಾಕುತ್ತಿದ್ದರಂತೆ. ಒಡೆಯನ ಭವಿಷ್ಯ ಕುದುರೆಯ ಮೈಮೇಲಿತ್ತು. ಕುದುರೆಯ ಭವಿಷ್ಯ ಎಲ್ಲಿದೆ ಎಂದು ಯಾರೂ ಕೇಳಿದಂತಿಲ್ಲ.

ಹೀಗಿರುವಾಗ ಜಟಕಾ ನಿಲ್ದಾಣದಲ್ಲಿ ಯಾರೋ ಒಬ್ಬರು ಆ ಭಯಂಕರ ಹೆಸರನ್ನು ಎತ್ತಿದರು: ಗ್ಲ್ಯಾಂಡರ್ಸ್. ಕುದುರೆಯಿಂದ ಕುದುರೆಗೆ, ಮನುಷ್ಯರಿಗೂ ಹರಡುವ ರೋಗ; ಬಂದಿದೆಯೆಂದು ಖಚಿತವಾದರೆ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಜವರಪ್ಪ ಅಂದಿನಿಂದ ನಿಲ್ದಾಣಕ್ಕೆ ಹೋಗುವುದನ್ನು ಬಿಟ್ಟ. “ಡಾಕ್ಟ್ರನ್ನ ಕರೆದ್ರೆ ಅವ್ರು ಅದನ್ನೇ ಏಳ್ಬುಟ್ರೆ ಏನ್ ಮಾಡನ ಮೇಷ್ಟ್ರೇ?” ಎಂದು ನನ್ನನ್ನು ಕೇಳಿದ. ಬಾಯಿ ದವಾಖಾನೆ ಆ ಹೊತ್ತು ಮುಚ್ಚಿತ್ತು. ಪುಟ್ಟತಾಯಮ್ಮ ಮಾತ್ರ, “ಏಳ್ದೆ ಇದ್ರೆ ಕಾಯ್ಲೆ ಓಯ್ತದಾ? ಕುಂತ್ಕೊ ನೀನು, ನಾನೋಗಿ ಕರ್ಕೊಂಡ್ ಬತ್ತೀನಿ” ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಬಂದವರು ಮಮತಾ ಎಂಬ ಪಶುವೈದ್ಯೆ. ಕೆ.ಆರ್. ಪೇಟೆ ಕಡೆಯ ಸಂತೆಬಾಚಹಳ್ಳಿಯವರು, ಇನ್ನೂ ಚಿಕ್ಕ ವಯಸ್ಸು. ಬಂದವರೇ ಕುದುರೆಯನ್ನು ಮುಟ್ಟಲಿಲ್ಲ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಕೈ ಹಿಂದೆ ಕಟ್ಟಿ, ಅಂಗಳದಲ್ಲಿ ನಿಂತು ನೋಡಿದರು. ಮುಂದಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಹಿಂದೆ ಹೋಗಿ ನೋಡಿದರು. ನಾನು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಅವರು ನನ್ನತ್ತ ತಿರುಗಲೂ ಇಲ್ಲ. ಒಂದು ಪ್ರಾಣಿಯನ್ನು ಇಷ್ಟು ಹೊತ್ತು, ಇಷ್ಟು ಮೌನವಾಗಿ ಯಾರಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಗ್ಲೌಸ್ ಹಾಕಿಕೊಂಡು ಜ್ವರ ನೋಡಿದರು, ಮೂಗಿನೊಳಗೆ ಟಾರ್ಚು ಬಿಟ್ಟರು, ದವಡೆಯ ಕೆಳಗೆ ಗಂಟಿದೆಯೇ ಎಂದು ಸವರಿದರು, ಹುರುಳಿ ತಿನ್ನುತ್ತಾಳೆಯೇ ಎಂದು ವಿಚಾರಿಸಿದರು.

“ಏನಮ್ಮಾ ಇದಕ್ಕೆ?” ಎಂದ ಜವರಪ್ಪ, ಅರ್ಧ ಉಸಿರಿನಲ್ಲಿ.

“ಇನ್ನೂ ಗೊತ್ತಿಲ್ಲ ಜವರಪ್ಪೋರೆ” ಎಂದರು ಡಾಕ್ಟರು. “ದಿನಾ ನಾನು ನೋಡೋದು ಹಸು, ಎಮ್ಮೆ, ಕುರಿ. ಕುದುರೆ ನೋಡಿರೋದು ಕಮ್ಮಿ. ಜ್ವರ ಇಲ್ಲ, ಮೂಗಲ್ಲಿ ಹುಣ್ಣಿಲ್ಲ, ತಿನ್ನೋದು ಬಿಟ್ಟಿಲ್ಲ. ನಿಮಗೆ ಭಯ ಇರೋ ಆ ಕಾಯ್ಲೆ ಥರ ಕಾಣ್ತಿಲ್ಲ. ಆದ್ರೂ ರಕ್ತ ಕಳಿಸಿ ನೋಡ್ಲೇಬೇಕು. ಅಲ್ಲೀಗಂಟ ಬೇರೆ ಕುದುರೆ ಹತ್ರ ಬಿಡಬೇಡಿ. ನಾನು ಓದ್ಕೊಂಡು, ನಮ್ಮ ಕಾಲೇಜಿನ ಮೇಷ್ಟ್ರನ್ನೂ ಕೇಳ್ಕೊಂಡು ಬರ್ತೀನಿ.”

ಗೊತ್ತಿಲ್ಲ! ನಾನು ಇಡೀ ಜೀವಮಾನ ತರಗತಿಯಲ್ಲಿ ನಿಂತು ಈ ಒಂದು ಪದ ಬಾಯಿಗೆ ಬಾರದಂತೆ ಕಾಪಾಡಿಕೊಂಡು ಬಂದವನು. ಈ ಹುಡುಗಿ ಅದನ್ನು ಎಷ್ಟು ನಿರಾಳವಾಗಿ ಹೇಳಿದಳೆಂದರೆ, ಜವರಪ್ಪನ ಮುಖದಲ್ಲಿ ಮೊದಲ ಸಲ ಒಂದಿಷ್ಟು ಧೈರ್ಯ ಕಾಣಿಸಿತು.

ರಕ್ತದ ಫಲಿತಾಂಶ ಬರುವ ತನಕ ಆ ಮನೆಯಲ್ಲಿ ಒಲೆ ಉರಿದರೂ ಊಟ ಸೇರುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಡಾಕ್ಟರು ಫೋನಿನಲ್ಲಿ ತಿಳಿಸದೆ ತಾವೇ ಬಂದರು. ಸ್ಕೂಟರಿನಿಂದ ಇಳಿಯುವ ಮುಂಚೆಯೇ, “ಅದಲ್ಲ ಅವ್ವಾ, ಅದಲ್ಲ!” ಎಂದು ಕೂಗಿದರು. ಪುಟ್ಟತಾಯಮ್ಮ ಲಚ್ಚಿಯ ಕುತ್ತಿಗೆ ತಬ್ಬಿಕೊಂಡು ಅತ್ತಳು.

“ಆಗ್ಲಿ, ಅದಲ್ಲ. ಮತ್ತಿನ್ನೇನು ಅಂತ ನೋಡನ” ಎಂದು ಡಾಕ್ಟರು ಕೆಲಸಕ್ಕೆ ಕೂತರು. ಲಚ್ಚಿಯ ಪಕ್ಕೆಲುಬಿನ ಅಂಚಿನಲ್ಲಿ ಹೊಟ್ಟೆಯುದ್ದಕ್ಕೂ ಒಂದು ಗೆರೆ ಎದ್ದಿತ್ತು. ಅದನ್ನು ಬೆರಳಲ್ಲಿ ಸವರಿ ತೋರಿಸಿದರು. ಉಸಿರನ್ನು ಹೊರಗೆ ತಳ್ಳಿ ತಳ್ಳಿ ಅಲ್ಲಿನ ಮಾಂಸಖಂಡ ದಪ್ಪವಾಗಿದೆಯಂತೆ. ಕಷ್ಟವಿರುವುದು ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದರಲ್ಲಿ. ಆಮೇಲೆ ಎರಡೂ ಪಕ್ಕೆಗಳಿಗೆ ಸ್ಟೆತಾಸ್ಕೋಪು ಇಟ್ಟು ಆಲಿಸಿ, ಅದನ್ನು ಪುಟ್ಟತಾಯಮ್ಮನ ಕಿವಿಗೂ ಸಿಕ್ಕಿಸಿದರು. ಆಕೆ ಕಬ್ಬಿನ ಊರು ಕ್ಯಾತನಹಳ್ಳಿಯ ಮಗಳು. ಕಣ್ಣು ಅಗಲಿಸಿ, “ಅಯ್ಯೋ, ಆಲೆಮನೆ ಕೊಪ್ರಿಗೇಲಿ ಪಾಕ ಕುದ್ದಂಗೆ ಕುದೀತಾ ಅದೆ! ನಡುವೆ ಸಿಳ್ಳೆ ಬೇರೆ!” ಎಂದಳು.

“ಯಾವಾಗ ಜಾಸ್ತಿ? ಗಾಡಿ ಎಳೆಯೋವಾಗ್ಲೋ, ಮನೇಲಿ ನಿಂತಾಗ್ಲೋ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸಂಗಮದ ಹೊಳೆದಂಡೆಯಲ್ಲಿ ನಿಂತಾಗ ಅಷ್ಟಿರಲಿಲ್ಲ. ಬೆಳಿಗ್ಗೆ ಲಾಯದ ಬಾಗಿಲು ತೆರೆದಾಗಲೇ ಅತಿ ಜಾಸ್ತಿ. ಡಾಕ್ಟರು ಲಾಯದೊಳಗೆ ಹೋದರು. ಲಚ್ಚಿಗೆ ಚಳಿಯಾಗದಿರಲೆಂದು ಪುಟ್ಟತಾಯಮ್ಮ ಕಿಂಡಿಯನ್ನು ಇಟ್ಟಿಗೆಯಿಂದ ಮುಚ್ಚಿಸಿದ್ದಳು. ಮೇಲಿನ ಅಟ್ಟದ ತುಂಬ ಮಳೆಯಲ್ಲಿ ನೆನೆದು ಒಣಗಿದ ನೆಲ್ಲುಹುಲ್ಲು. ಒಂದು ಹಿಡಿ ಎಳೆದು ಕೊಡವಿದರೆ, ಬಾಗಿಲ ಬಿಸಿಲಿನಲ್ಲಿ ಬೂಷ್ಟಿನ ಧೂಳು ಹೊಗೆಯಂತೆ ಎದ್ದಿತು. ನಮಗೆಲ್ಲ ಕೆಮ್ಮು ಬಂತು.

“ನಾನೇ ಕೊಂದ್ನಲ್ಲಾ ಇದನ್ನ” ಎಂದಳು ಪುಟ್ಟತಾಯಮ್ಮ.

“ಯಾಕವ್ವಾ ಅಂಗಂತೀಯ? ಬೆಚ್ಚಗಿರ್ಲಿ ಅಂತ ತಾನೆ ಮುಚ್ಚಿದ್ದು. ನಮ್ಮವ್ವನೂ ಅಂಗೇ ಮಾಡೋಳು” ಎಂದರು ಡಾಕ್ಟರು, ಸಂತೆಬಾಚಹಳ್ಳಿಯ ಮಗಳಾಗಿ. ಮರುಕ್ಷಣ ಮತ್ತೆ ಡಾಕ್ಟರಾದರು: “ಮನುಷ್ಯರಿಗೆ ಬರೋ ಆಸ್ತಮಾನೇ ಇದು, ಜೋರಾಗೇ ಅದೆ. ಮೂಗಿಂದ ಕೊಳವೆ ಬಿಟ್ಟು ಶ್ವಾಸಕೋಶ ತೊಳ್ದು, ಆ ನೀರನ್ನ ಪರೀಕ್ಷೆ ಮಾಡಿದ್ರೆ ಪೂರ್ತಿ ಖಾತ್ರಿ. ಅದು ಇಲ್ಲಿ ಆಗಲ್ಲ. ಇನ್ನೊಂದು ದಾರಿ ಐತೆ.”

ಆ ದಾರಿ ಒಂದು ಇಂಜೆಕ್ಷನ್. ಬಿಗಿದುಕೊಂಡ ಶ್ವಾಸನಾಳಗಳನ್ನು ಅದು ಸ್ವಲ್ಪ ಹೊತ್ತು ಸಡಿಲಿಸುತ್ತದೆ. ಉಸಿರು ಸಲೀಸಾದರೆ ರೋಗದ ಗುರುತು ಸಿಕ್ಕಂತೆ. ಆದರೆ ಅದೇ ಔಷಧಿ ಕರುಳಿನ ಚಲನೆಯನ್ನೂ ನಿಲ್ಲಿಸಿಬಿಡಬಹುದು, ಕುದುರೆಗೆ ಹೊಟ್ಟೆನೋವೆಂದರೆ ಪ್ರಾಣಾಪಾಯ. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, “ಮಾಡ್ಲಾ?” ಎಂದು ಕೇಳಿದರು. ಜವರಪ್ಪ ಹೆಂಡತಿಯತ್ತ ನೋಡಿದ. ಆಕೆ ಹೂಂ ಎಂದು ತಲೆಯಾಡಿಸಿದಳು.

ಲಚ್ಚಿಯನ್ನು ಬಯಲಿನ ಹೊಂಗೆ ಮರದಡಿ ಕಟ್ಟಿ ಇಂಜೆಕ್ಷನ್ ಕೊಟ್ಟರು. ನಾವು ಕಣ್ಣು ಮಿಟುಕಿಸದೆ ನಿಂತೆವು. ಮೊದಲು ಹೊಳ್ಳೆಗಳು ಕಿರಿದಾದವು. ಆಮೇಲೆ ಪಕ್ಕೆಯ ಏರಿಳಿತ ತಗ್ಗಿತು. ಚಾಚಿಕೊಂಡಿದ್ದ ಕುತ್ತಿಗೆಯನ್ನು ಲಚ್ಚಿ ಮೆಲ್ಲಗೆ ಇಳಿಸಿ, ಎಷ್ಟೋ ದಿನಗಳ ಮೇಲೆ ದೀರ್ಘವಾಗಿ ಒಂದು ಉಸಿರು ಬಿಟ್ಟಳು. ನಾವೆಲ್ಲರೂ ಬಿಟ್ಟೆವು.

ನನ್ನ ಪಾಲಿಗೆ ವೈದ್ಯ ಅಲ್ಲಿಗೆ ಮುಗಿದಿತ್ತು. ಡಾಕ್ಟರಿಗೆ ಮುಗಿದಿರಲಿಲ್ಲ. ಅವರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಆಗಾಗ ಎದ್ದು ಲಚ್ಚಿಯ ಹೊಟ್ಟೆಯ ಎರಡೂ ಬದಿಗೆ ಕಿವಿಗೊಟ್ಟು, ಕರುಳು ಗುಡುಗುಡಿಸುವುದನ್ನು ಕಾದರು. ಊಟಕ್ಕೆ ಕರೆದರೆ ಏಳಲಿಲ್ಲ. ಮುದ್ದೆಯನ್ನು ತಟ್ಟೆಯಲ್ಲಿ ಅಲ್ಲಿಗೇ ತರಿಸಿಕೊಂಡರು. ಬಿಸಿಲು ಇಳಿಯುವ ಹೊತ್ತಿಗೆ ಲಚ್ಚಿ ಬಾಲವೆತ್ತಿ ಧಾರಾಳವಾಗಿ ಲದ್ದಿ ಹಾಕಿದಳು. ಡಾಕ್ಟರು ಚಪ್ಪಾಳೆ ತಟ್ಟಿದರು. ಕುದುರೆ ಲದ್ದಿಗೆ ಚಪ್ಪಾಳೆ ತಟ್ಟಿದವರ ಸಾಲಿನಲ್ಲಿ, ಓದುಗ ಮಹಾಶಯರೇ, ನಾನೂ ಇದ್ದೆ.

ಅನಂತರದ್ದು ನಿಧಾನದ ಕೆಲಸ. ಲಚ್ಚಿಯ ವಾಸ ಸದ್ಯಕ್ಕೆ ಹೊಂಗೆಯ ನೆರಳಿಗೆ ಬದಲಾಯಿತು. ಅಟ್ಟ ಖಾಲಿಯಾಯಿತು. ಹಸಿ ಹುಲ್ಲು, ಒಣ ಹುಲ್ಲಾದರೆ ಹೊಸದನ್ನೇ ತಂದು ನೀರಿನಲ್ಲಿ ಅದ್ದಿ ಕೊಡುವುದು, ಒಂದಷ್ಟು ಕಾಲ ಔಷಧಿ. ಲಾಯದ ಗೋಡೆಗೆ ಪುಟ್ಟತಾಯಮ್ಮ ತಾನೇ ಹಾರೆ ಹಿಡಿದು, ಮುಚ್ಚಿದ್ದಕ್ಕಿಂತ ಮೂರರಷ್ಟು ದೊಡ್ಡ ಕಿಂಡಿ ಒಡೆದಳು. ಜಟಕಾ ಮತ್ತೆ ಬೀದಿಗಿಳಿಯಿತು.

ಕಡೆಯ ಸಲ ಬಂದಾಗ ಡಾಕ್ಟರು ಎಚ್ಚರಿಸಿದರು: “ಪೂರ್ತಿ ವಾಸಿ ಆಯ್ತು ಅನ್ಕೋಬೇಡಿ. ಧೂಳು ಸಿಕ್ಕಿದ್ರೆ ತಿರುಗಾ ಬರುತ್ತೆ.”

“ಬರ್ಲಿ ಬುಡಿ ಮೇಡಂ” ಎಂದ ಜವರಪ್ಪ. “ಬಂದ್ರೆ ಏನು ಅಂತ ಗೊತ್ತಲ್ಲಾ ಈಗ. ಗೊತ್ತಿಲ್ದಾಗ ನಮ್ಗೂ ಉಸ್ರು ಆಡ್ತಿರ್ನಿಲ್ಲ.”

ಲಚ್ಚಿ ಈಗ ಬಿಡುವಿನ ಹೊತ್ತಿನಲ್ಲಿ ಹೊಸ ಕಿಂಡಿಯಿಂದ ಕುತ್ತಿಗೆ ಹೊರಹಾಕಿ ಬೀದಿ ನೋಡುತ್ತಾಳೆ. ಸೊಪ್ಪಿನ ಗಾಡಿಯವಳು ಆ ಗೋಡೆಯ ಹತ್ತಿರ ಬಂದಾಗ ಹೆಜ್ಜೆ ಜೋರು ಮಾಡುತ್ತಾಳೆ. ಆದರೂ ಒಂದು ಕಟ್ಟು ಲಚ್ಚಿಯ ಬಾಯಿಗೆ ಹೋಗಿಯೇ ಹೋಗುತ್ತದೆ. ಚೆನ್ನಾಗಿ ಉಸಿರಾಡುವವರಿಗೆ ಉಸಿರಿನ ನೆನಪೇ ಇರುವುದಿಲ್ಲ. ಲಚ್ಚಿಗೂ ಈಗ ನೆನಪಿರುವುದು ಕೊತ್ತಂಬರಿ ಸೊಪ್ಪು ಮಾತ್ರ.