ಗಂಗಮ್ಮನ ಸರದಿ ಕದ್ದವರಾರು?

ಇಂದು ಬೆಳಿಗ್ಗೆ ಸಿರುಗುಪ್ಪದ ಒಂದು ಭತ್ತ ಖರೀದಿ ಕೇಂದ್ರದಲ್ಲಿ ಕರೂರಿನ ಗಂಗಮ್ಮನ ಸರದಿಯನ್ನು ಹಾಡಹಗಲೇ ಕದ್ದರು, ಸ್ನೇಹಿತರೇ. ಮೋಡ ಕವಿದಿತ್ತು, ಆಕೆಯ ಭತ್ತ ತೆರೆದ ಟ್ರಾಲಿಯಲ್ಲಿತ್ತು. ನಸುಕಿನಲ್ಲೇ ಬಾಗಿಲ ಮುಂದೆ ಚಪ್ಪಲಿ ಬಿಟ್ಟು ಸರದಿ ಹಿಡಿದಿದ್ದಳು. ಬಾಗಿಲು ತೆರೆದಾಗ ಮೊದಲು ಹೆಸರು ಬರೆಸಿದವಳೂ ಆಕೆಯೇ. ಆದರೆ ತೂಕಕ್ಕೆ ಮೊದಲು ಕರೆದದ್ದು ಆಮೇಲೆ ಕಾರಿನಲ್ಲಿ ಬಂದಿಳಿದ ವ್ಯಾಪಾರಿಯನ್ನು.

"ಕಂಪ್ಯೂಟರ್‌ನಾಗ ಅವರ ಟೈಮು ಮುಂಚೆ ಐತಿ ಯವ್ವಾ," ಎಂದ ಆಪರೇಟರ್.

"ನನ್ನ ಚಪ್ಪಲಿಗಿಂತ ಮುಂಚೆ ಇಲ್ಲಿ ಯಾರ ಕಾಲು ಬಂದಿತ್ತಲೇ?" ಎಂದಳು ಗಂಗಮ್ಮ.

ಸಮಯವನ್ನು ಕೈಯಾರೆ ಟೈಪಿಸಬಹುದು. ಆದರೆ ಡೇಟಾಬೇಸ್ ತನ್ನೊಳಗಿನ ಲಾಗ್ ಎಂಬ ದಾಖಲೆಯಲ್ಲಿ ಪ್ರತಿ ನಮೂದಿಗೂ ತಾನೇ ಒಂದು ಏರುವ ಕ್ರಮಸಂಖ್ಯೆ ಹಾಕುತ್ತದೆ. ಅದನ್ನು ತೋರಿಸಿ ಎಂದು ಅಲ್ಲೇ ನಿಂತಿದ್ದ ನಾನು ಪಟ್ಟು ಹಿಡಿದೆ. ಆಪರೇಟರ್ ಗೊಣಗುತ್ತ ಲಾಗ್ ತೆರೆದ. ಗಂಗಮ್ಮನ ಸಂಖ್ಯೆ ಚಿಕ್ಕದು, ವ್ಯಾಪಾರಿಯದು ದೊಡ್ಡದು. ಅಂದರೆ ಆಕೆಯೇ ಮೊದಲು. ವ್ಯಾಪಾರಿಯ ಹೆಸರಿನ ಮುಂದಿದ್ದ ಸಮಯವಂತೂ ಕೇಂದ್ರಕ್ಕೆ ಬೀಗ ಬಿದ್ದಿದ್ದ ಹೊತ್ತು!

"ಅದು ಮಷೀನಿನ ನಂಬರ್ರಿ ಸರ. ನಾವು ನೋಡೋದು ಟೈಮು ಅಷ್ಟ," ಎಂದ.

ಹಿಂದೆ ರಿಜಿಸ್ಟರ್ ಪುಸ್ತಕದ ಎರಡು ಸಾಲಿನ ನಡುವೆ ಹೆಸರು ತುರುಕುತ್ತಿದ್ದ ಗುಮಾಸ್ತರನ್ನೂ ಕಂಡಿದ್ದೇನೆ. ಅವರು ಕನಿಷ್ಠ ನಾಚಿಕೆಯಿಂದ ಅಕ್ಷರವನ್ನಾದರೂ ಸಣ್ಣದು ಮಾಡುತ್ತಿದ್ದರು.

ಗಂಗಮ್ಮನ ಟ್ರಾಲಿ ಈಗಲೂ ಅಂಗಳದಲ್ಲೇ ಇದೆ, ಹನಿ ಶುರುವಾಗಿದೆ. ಕೇಂದ್ರದವರೇ, ಬೀಗ ಹಾಕಿದ ಬಾಗಿಲೊಳಗೆ ಕೂತು ವ್ಯಾಪಾರಿಯ ಹೆಸರು ಬರೆದುಕೊಂಡ ಆ ಮಹಾನುಭಾವ ಯಾರು? ನಾಳೆ ಸರದಿಯಲ್ಲಿ ನಿಂತವರೆಲ್ಲರ ಎದುರು ಹೇಳಿ.