ಕಾರ್ಕಳದ ರೋಸ್ ಚಪ್ಪರಕ್ಕೆ ನಾನು ಕೊಟ್ಟ ಸರ್ಟಿಫಿಕೇಟು

ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇದ್ದ ಜನವರಿಯಲ್ಲಿ ನಡೆದ ಸಂಗತಿ ಇದು. ಆಗ ನಾನು ಉಡುಪಿಯ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಹಿರಿಯ ಸರ್ವಿಸ್ ಇಂಜಿನಿಯರ್. ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳ ಗ್ಯಾಸ್ ಒಲೆ ಮತ್ತು ಪೈಪುಗಳನ್ನು ಪರೀಕ್ಷಿಸಿ, ಸರಿ ಇದ್ದರೆ ಸರ್ಟಿಫಿಕೇಟ್ ಬರೆದು ಸಹಿ ಹಾಕುವುದು ನನ್ನ ಕೆಲಸ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದವಳು. ಜನ ನನ್ನನ್ನು 'ಗ್ಯಾಸ್ ಮೇಡಂ' ಎಂದು ಕರೆಯುತ್ತಿದ್ದರು, ನನಗೂ ಅದರಲ್ಲಿ ಒಂದಿಷ್ಟು ಜಂಬವಿತ್ತು.

ನಮ್ಮೂರಲ್ಲಿ ಹೀಟರೇ ಎಂದು ನೀವು ನಗಬಹುದು. ನಾನೂ ನಕ್ಕವಳೇ. ವರ್ಷದ ಹತ್ತು ತಿಂಗಳು ಬೆವರು ಒರೆಸಿಕೊಳ್ಳುವ ಕರಾವಳಿಯಲ್ಲಿ, ಮಣಿಪಾಲದ ಗುಡ್ಡದ ಮೇಲಿನ ಒಂದು ರೆಸ್ಟೋರೆಂಟಿನವರು ಮೊದಲು ತಾರಸಿಯಲ್ಲಿ ಪ್ಯಾಟಿಯೊ ಹೀಟರ್ ಇಟ್ಟರು. ಪ್ಯಾಟಿಯೊ ಹೀಟರ್ ಅಂದರೆ ತೆರೆದ ಜಾಗದಲ್ಲಿ ಕುಳಿತವರನ್ನು ಬೆಚ್ಚಗಿಡುವ ಯಂತ್ರ. ಅದರಲ್ಲಿ ಎರಡು ಜಾತಿ. ಒಂದು ಗ್ಯಾಸಿನದು: ಆಳೆತ್ತರಕ್ಕಿಂತ ಎತ್ತರದ ಕಂಬ, ಬುಡದಲ್ಲಿ ಸಿಲಿಂಡರ್, ತುದಿಯಲ್ಲಿ ಬರ್ನರ್, ಅದರ ಮೇಲೆ ಕೊಡೆಯಂಥ ತಗಡು. ಇನ್ನೊಂದು ವಿದ್ಯುತ್ತಿನ ಇನ್‌ಫ್ರಾರೆಡ್ ಹೀಟರ್: ಗೋಡೆಗೋ ಕಂಬಕ್ಕೋ ಬಿಗಿಯುವ ಉದ್ದನೆಯ ಪೆಟ್ಟಿಗೆ. ಅದು ಗಾಳಿಯನ್ನು ಬಿಸಿ ಮಾಡುವುದಿಲ್ಲ, ಎಳೆಬಿಸಿಲಿನ ಹಾಗೆ ನೇರವಾಗಿ ಮೈಗೆ ಬಿಸಿ ತಾಗಿಸುತ್ತದೆ. ಮಣಿಪಾಲದವರು ಇಟ್ಟದ್ದು ಈ ಎರಡನೆಯದನ್ನು. ಹುಡುಗ ಹುಡುಗಿಯರು ಅದರ ಕೆಳಗೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. "ಇದು ಚಳಿಗಲ್ಲ, ಶೋಕಿಗೆ" ಎಂದು ಮಾಲೀಕರ ಮುಖಕ್ಕೇ ಹೇಳಿ ಬಂದಿದ್ದೆ.

ಕಾರ್ಕಳದ ರೋನಿಯವರ ವಿಷಯ ಶೋಕಿಯದಾಗಿರಲಿಲ್ಲ. ಅವರು ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದು ಬಂದು ಊರಲ್ಲಿ ನೆಲೆಸಿದವರು. ಮಗಳು ಲವೀನಾ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್. ಕ್ರಿಸ್ಮಸ್ ಮುಗಿದ ಮೇಲೆ ಅವಳ ಮದುವೆ ಗೊತ್ತಾಗಿತ್ತು. ಕೊಂಕಣಿ ಮಾತಾಡುವ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ಸಂಜೆ ರೋಸ್ ಎಂಬ ಶಾಸ್ತ್ರವಿದೆ. ಅಂಗಳದ ಚಪ್ಪರದಲ್ಲಿ ಮದುಮಗಳನ್ನು ಕೂರಿಸಿ, ನೆಂಟರೆಲ್ಲ ಸರದಿಯಂತೆ ಬಂದು ತಲೆಗೆ ತೆಂಗಿನ ಹಾಲು ಹಚ್ಚಿ ಹರಸುತ್ತಾರೆ. ಕೊನೆಗೆ ಸುರಿಯುತ್ತಾರೆ ಎಂದರೂ ಸರಿಯೇ. ಒಂದು ಗಂಟೆಯಾದರೂ ಅವಳು ತೊಪ್ಪೆಯಾಗಿ ಕೂತಿರಬೇಕು. ಲವೀನಾಳಿಗೆ ಚಿಕ್ಕಂದಿನಿಂದ ಅಸ್ತಮಾ. ಹಿಂದಿನ ವರ್ಷ ಚಳಿಗಾಳಿಗೆ ಮೈಯೊಡ್ಡಿ, ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಐಸಿಯು ಸೇರಿದ್ದಳು. ಕಾರ್ಕಳದ ಜನವರಿಯ ಸಂಜೆ ಒಣ ಮೈಗೆ ಹಿತ. ಒದ್ದೆ ಮೈಗೆ, ಅದೂ ಅಂಥ ಶ್ವಾಸಕೋಶಕ್ಕೆ, ಹಿತವಲ್ಲ. ರೋಸೇ ಬೇಡ ಎಂದು ತಾಯಿ, ಬೇಕೇ ಬೇಕು ಎಂದು ಮಗಳು. ನಡುವೆ ಅಪ್ಪ ಕಂಡುಕೊಂಡ ದಾರಿ ಹೀಟರು.

ಅವರು ಉಡುಪಿಯ ಒಂದು ಬಾಡಿಗೆ ಅಂಗಡಿಯಲ್ಲಿ ನಾಲ್ಕು ಗ್ಯಾಸ್ ಹೀಟರು ಗೊತ್ತು ಮಾಡಿ, ಮದುವೆಗೆ ಎರಡು ವಾರ ಮೊದಲೇ ಮನೆಗೆ ತರಿಸಿ, ನನ್ನನ್ನು ಕರೆದರು. ನಾನು ಹೋದೆ. ಸಾಬೂನು ನೀರು ಹಚ್ಚಿ ಸೋರಿಕೆ ನೋಡಿದೆ. ಕಂಬ ವಾಲಿದರೆ ಗ್ಯಾಸ್ ತಾನಾಗಿ ನಿಲ್ಲುತ್ತದೋ ನೋಡಿದೆ. ಜ್ವಾಲೆ ನೀಲಿಯಾಗಿತ್ತು. ಅಂಗಳದಲ್ಲಿ ಆಗ ಒಂದು ಕಂಬವನ್ನೂ ನೆಟ್ಟಿರಲಿಲ್ಲ.

"ಚಪ್ಪರ ಹೇಗೆ ಹಾಕ್ತೀರಿ?" ಎಂದು ಕೇಳಿದೆ.

"ಮೇಲೆ ಶೀಟ್ ಉಂಟು ಮೇಡಂ, ಸೈಡ್ ಎಲ್ಲ ಓಪನ್," ಎಂದರು ರೋನಿ.

'ಹೊರಾಂಗಣ ಬಳಕೆಗೆ ಯೋಗ್ಯ' ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವರ ಮನೆಯ ಸಿಹಿತಿಂಡಿ ನೈಯಪ್ಪ ತಿಂದು ಬಸ್ ಹತ್ತಿದೆ.

ರೋಸಿನ ಮುನ್ನಾದಿನ ನಾನು ಕಾರ್ಕಳ ಪೇಟೆಯ ಒಂದು ಹೋಟೆಲಿನ ಅಡುಗೆಮನೆ ಪರೀಕ್ಷೆಗೆ ಹೋಗಿದ್ದೆ. ಸಂಜೆ ಆರು ಗಂಟೆಗೆ ಲವೀನಾಳ ಫೋನು. "ಮೇಡಂ, ಐದು ಗಂಟೆಯಿಂದ ಹೀಟರ್ ಹಚ್ಚಿ ಟ್ರಯಲ್ ನೋಡ್ತಾ ಇದ್ದಾರೆ. ಚಪ್ಪರದ ಒಳಗೆ ಹೋದರೆ ನನಗೆ ಕೆಮ್ಮು ಬರ್ತಾ ಉಂಟು. ಡ್ಯಾಡಿ ಹೇಳ್ತಾರೆ, ಅದು ನನ್ನ ಹೆದರಿಕೆ ಅಂತ. ನೀವೊಮ್ಮೆ ಬರ್ತೀರಾ?"

ರಿಕ್ಷಾ ಹಿಡಿದು ಹೋದೆ. ನಾನು ಸಹಿ ಹಾಕಿದ ಬಯಲು ಅಂಗಳ ಅಲ್ಲಿರಲಿಲ್ಲ. ಅರುವತ್ತು ಅಡಿ ಉದ್ದ, ನಲವತ್ತು ಅಡಿ ಅಗಲದ ಚಪ್ಪರದ ನಾಲ್ಕೂ ಬದಿಗೆ ನೆಲ ಮುಟ್ಟುವ ಟಾರ್ಪಾಲು, ಅದರ ಒಳಗೆ ನೆರಿಗೆಯ ಬಿಳಿ ಬಟ್ಟೆ. ತಲೆಯ ಮೇಲೆ ಶೀಟಿನ ಚಾವಣಿಯ ಕೆಳಗೆ ಬಟ್ಟೆಯ ಇನ್ನೊಂದು ಮಾಡು. ಒಳಹೋಗಲು ಒಂದೇ ಒಂದು ಸಂದು, ಅದಕ್ಕೂ ಪರದೆ. ಇಬ್ಬನಿ ತಲೆಗೆ ಬೀಳಬಾರದು, ಪಕ್ಕದವರ ಕಟ್ಟಿಗೆ ರಾಶಿ ವೀಡಿಯೋದಲ್ಲಿ ಕಾಣಬಾರದು ಎಂದು ನಮ್ಮ ಕಡೆ ಎಲ್ಲರೂ ಹೀಗೇ ಮುಚ್ಚುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ನೂರಾರು ಚಪ್ಪರದಲ್ಲಿ ಉಂಡ ನನಗೆ ಇದು ಗೊತ್ತಿರಲಿಲ್ಲವೇ?

"ಸೈಡ್ ಓಪನ್ ಅಂದಿದ್ರಿ!" ಎಂದು ಕೂಗಿದೆ.

ರೋನಿ ನಗುತ್ತಲೇ ಹೇಳಿದರು: "ಎಂತ ಮೇಡಂ, ಬಿಸಿ ಹೊರಗೆ ಹೋಗ್ತದಲ್ಲ? ಏಸಿ ಹಾಕಿದ ಮೇಲೆ ಬಾಗಿಲು ಹಾಕುದಿಲ್ವಾ? ಹಾಗೆಯೇ ಇದು."

ಗ್ಯಾಸ್ ಹೀಟರು ಏಸಿಯಲ್ಲ. ಅದು ಒಂದು ದೊಡ್ಡ ಒಲೆ, ಮನೆಯ ಅಡುಗೆ ಒಲೆಯ ನಾಲ್ಕೈದು ಉರಿಗಳನ್ನು ಒಟ್ಟಿಗೆ ಹಚ್ಚಿದಷ್ಟು ಬೆಂಕಿ. ನಾವು ಉಸಿರಾಡುವ ಗಾಳಿಯನ್ನೇ ಅದೂ ತಿನ್ನುತ್ತದೆ. ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಸುತ್ತಿನ ಗೋಡೆಯಲ್ಲಿ ಕಾಲು ಭಾಗವಾದರೂ ತೆರೆದಿರದ ಜಾಗದಲ್ಲಿ ಅದನ್ನು ಉರಿಸಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಒಳಗೆ ನೋಡಿದರೆ ಜ್ವಾಲೆ ಗಾಳಿ ಸಾಲದೆ ಹಳದಿಯಾಗಿ ನಾಲಗೆ ಚಾಚುತ್ತಿತ್ತು. ಆಮೇಲೆ ತಿಳಿಯಿತು, ನಾನು ಪರೀಕ್ಷಿಸಿದ ಮೇಲೆ ಅಂಗಡಿಯವನು ಅದೇ ಹೀಟರುಗಳನ್ನು ಹಿಂದಕ್ಕೆ ಒಯ್ದು ಕಾಪು ಬೀಚಿನ ಬದಿಯ ಒಂದು ಪಾರ್ಟಿಗೆ ಕೊಟ್ಟಿದ್ದ. ಬರ್ನರಿಗೆ ಗಾಳಿ ಹೋಗುವ ತೂತುಗಳ ತುಂಬ ಅಲ್ಲಿನ ಮರಳು, ಹೊಯಿಗೆ.

ನಾನು ಮೊದಲ ಸಿಲಿಂಡರಿನ ವಾಲ್ವ್ ತಿರುಗಿಸುತ್ತಿದ್ದಾಗಲೇ ಹಿಂದೆ ದೊಪ್ಪೆಂದು ಸದ್ದಾಯಿತು. ಏಣಿಯ ಮೇಲೆ ನಿಂತು ಮಾಡಿನ ಬಟ್ಟೆಗೆ ಜಾಲರಿ ಕಟ್ಟುತ್ತಿದ್ದ ಕೆಲಸದವರೊಬ್ಬರು ಇಳಿಯುತ್ತ ಕೆಳಗಿನ ಮೆಟ್ಟಿಲಿಂದ ಜಾರಿ ಬಿದ್ದಿದ್ದರು. ಹೆಸರು ಮಲ್ಲಪ್ಪ, ಗದಗದ ಕಡೆಯವರು, ನಲವತ್ತು ದಾಟಿದ ವಯಸ್ಸು. ಒಂದು ಗಂಟೆಯಿಂದ ಅವರು ನಿಂತಿದ್ದದ್ದು ಬಿಸಿ ಹೊಗೆಯೆಲ್ಲ ಏರಿ ಸೇರುವ ಜಾಗದಲ್ಲೇ.

ಚಪ್ಪರದ ಗುತ್ತಿಗೆದಾರ ಸುಧಾಕರ ಓಡಿ ಬಂದ. ಬಿದ್ದವರನ್ನು ಎತ್ತಲಿಕ್ಕಲ್ಲ, ಬೈಯಲಿಕ್ಕೆ. "ಹಾಕಿದ್ದಾನೆ ಮಾರಾಯ್ರೆ ಇವ! ಸಂಜೆ ಆದ್ರೆ ಇವರದ್ದು ಇದೇ. ನಾಳೆಯಿಂದ ನೀನು ಕೆಲಸಕ್ಕೆ ಬರುದು ಬೇಡ."

"ಇಲ್ರಿ ಮಾಲಕರ, ಕುಡದಿಲ್ರಿ," ಎಂದು ಮಲ್ಲಪ್ಪ ತೊದಲಿದರು. "ತಲಿ ಭಾಳ ನೋಯಾಕತ್ತೈತಿ. ಕಣ್ಣಿಗೆ ಕತ್ತಲಿ ಬಂತ್ರಿ."

ನಾನು ಬಗ್ಗಿ ಅವರ ಬಾಯಿಯ ವಾಸನೆ ನೋಡಿದೆ. ಎಲೆಯಡಿಕೆ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗೆ ಮೂಸಿ ನೋಡಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ. ಹಳದಿ ಜ್ವಾಲೆಯನ್ನು ಕಣ್ಣಾರೆ ಕಂಡವಳು ನಾನು, ಮತ್ತೆ ಅವರ ಬಾಯಿಯನ್ನು ಪರೀಕ್ಷಿಸುವ ಅಗತ್ಯ ಏನಿತ್ತು?

ಇಬ್ಬರು ಹಿಡಿದು ಅವರನ್ನು ಅಂಗಳದಾಚೆಯ ಕಟ್ಟೆಗೆ ತಂದರು. ನಾನು ನಾಲ್ಕೂ ವಾಲ್ವ್ ಮುಚ್ಚಿ, ಅಡುಗೆಮನೆಯಿಂದ ಕತ್ತಿ ತಂದು ಟಾರ್ಪಾಲಿನ ಹಗ್ಗ ಕೊಯ್ದೆ. "ಮೂರು ದಿನದ ಕೆಲಸ ಮೇಡಂ!" ಎಂದು ಸುಧಾಕರ ಬೊಬ್ಬೆ ಹೊಡೆದ. ಹೊಡೆಯಲಿ ಎಂದು ಇನ್ನೊಂದು ಕಡೆಯದನ್ನೂ ಕೊಯ್ದೆ. ಅಷ್ಟರಲ್ಲಿ ಯಾರೋ ನೆಂಟರು ಆಕ್ಸಿಮೀಟರ್ ತಂದು ಮಲ್ಲಪ್ಪನವರ ಬೆರಳಿಗೆ ಸಿಕ್ಕಿಸಿದರು. ತೊಂಬತ್ತೆಂಟು ತೋರಿಸಿತು.

"ನೋಡಿ, ಆಕ್ಸಿಜನ್ ಸರಿ ಉಂಟಲ್ಲ," ಎಂದರು ರೋನಿ, ಭಾರ ಇಳಿದವರಂತೆ. "ಸುಮ್ಮನೆ ಗಾಬರಿ ಮಾಡುದು ಬೇಡ ಮೇಡಂ. ನಾಳೆ ನೂರೈವತ್ತು ಜನ ಬರ್ತಾರೆ. ಬಟ್ಟೆ ವಾಪಸ್ ಕಟ್ಟಿಸುವ."

ಆಗ ಮಾತಾಡಿದವಳು ಲವೀನಾ. ಕೈಯಲ್ಲಿ ಇನ್‌ಹೇಲರ್, ಮುಖ ಕೆಂಪು. "ಡ್ಯಾಡಿ, ಆ ಮೆಷಿನ್‌ಗೆ ಆಕ್ಸಿಜನ್ ಯಾವುದು, ಕಾರ್ಬನ್ ಮೊನಾಕ್ಸೈಡ್ ಯಾವುದು ಅಂತ ಗೊತ್ತಾಗುದಿಲ್ಲ. ರಕ್ತದಲ್ಲಿ ವಿಷ ಇದ್ದರೂ ತೊಂಬತ್ತೆಂಟೇ ತೋರಿಸ್ತದೆ. ಇವರು ಕುಡಿದದ್ದಲ್ಲ. ನಾಳೆ ಇವರ ಜಾಗದಲ್ಲಿ ಇರುವವಳು ನಾನು."

ರೋನಿಯವರ ಮುಖದ ನಗು ಅಳಿದದ್ದು ಆಗಲೇ. ಒಂದು ಗಂಟೆ ಏಣಿಯ ಮೇಲೆ ನಿಂತ ಗಟ್ಟಿಮುಟ್ಟು ಆಳು ಬಿದ್ದ ಕಡೆ, ಅಸ್ತಮಾದ ಮಗಳನ್ನು ಒಂದು ಗಂಟೆ ಕೂರಿಸಲು ಹೊರಟಿದ್ದರು ಅವರು. ಮದುಮಗಳು ಈ ಹೊತ್ತಿಗೆ ಮನೆ ಬಿಟ್ಟು ಹೊರಡಬಾರದು ಎಂದು ಹೆಂಗಸರು ತಡೆದರೂ ಕೇಳದೆ, ಲವೀನಾ ಮಲ್ಲಪ್ಪನವರನ್ನು ಕಾರಿನಲ್ಲಿ ಕೂರಿಸಿ, ಕಿಟಕಿಗಳನ್ನೆಲ್ಲ ಇಳಿಸಿ, ಅಪ್ಪನ ಕೈಯಿಂದಲೇ ಕಾರು ಓಡಿಸಿಕೊಂಡು ಮಣಿಪಾಲಕ್ಕೆ ಹೋದಳು. ಅಲ್ಲಿ ತಕ್ಷಣ ಆಕ್ಸಿಜನ್ ಹಚ್ಚಿದರು. ರಕ್ತ ಪರೀಕ್ಷೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಸಿಕ್ಕಿತು.

ಇತ್ತ ನಾನು ಬಾಡಿಗೆ ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಹೊಯಿಗೆ ತುಂಬಿದ ಬರ್ನರನ್ನು ಒಮ್ಮೆ ಊದಿಯೂ ನೋಡದೆ ಮದುವೆ ಮನೆಗೆ ಕಳಿಸುತ್ತೀಯಾ, ಮುಚ್ಚಿದ ಜಾಗದಲ್ಲಿ ಹಚ್ಚಬಾರದೆಂದು ಒಂದು ಮಾತು ಹೇಳಲು ನಿನಗೆ ನಾಲಗೆ ಇರಲಿಲ್ಲವಾ ಎಂದು ಕೇಳಿದೆ. ಅವನು ತಣ್ಣಗೆ ಹೇಳಿದ: "ನಾನೆಂತಕ್ಕೆ ಹೇಳುದು ಮೇಡಂ? ನೀವೇ ಸೈನ್ ಹಾಕಿ ಕೊಟ್ಟದ್ದಲ್ವಾ? ಕಾಪುವಿನವರಿಗೂ ನಿಮ್ಮ ಪೇಪರೇ ತೋರಿಸಿದ್ದು."

ಸುಧಾಕರನೂ ಜೇಬಿನಿಂದ ನನ್ನ ಸರ್ಟಿಫಿಕೇಟಿನ ಮಡಚಿದ ನಕಲು ಪ್ರತಿ ತೆಗೆದ. ಟಾರ್ಪಾಲು ಕಟ್ಟುವಾಗ ಇದೇ ಮಲ್ಲಪ್ಪ, ಒಳಗೆ ಉರಿ ಇಟ್ಟು ಹೀಗೆ ಮುಚ್ಚಬಹುದಾ ಎಂದು ಕೇಳಿದ್ದರಂತೆ. ಗ್ಯಾಸ್ ಮೇಡಂ ಸಹಿ ಹಾಕಿದ್ದಾರೆ, ನೀನು ಇಂಜಿನಿಯರಾ ಎಂದು ಇವನು ಬಾಯಿ ಮುಚ್ಚಿಸಿದ್ದನಂತೆ. ನನ್ನ ಸಿಟ್ಟೆಲ್ಲ ತಿರುಗಿ ನನ್ನ ಕಡೆಗೇ ಬಂತು. ನಾನು ಪರೀಕ್ಷಿಸಿದ್ದು ಹೀಟರನ್ನು. ಜನ ಕೂರುವ ಜಾಗವನ್ನು ಪರೀಕ್ಷಿಸಿರಲಿಲ್ಲ, ಏಕೆಂದರೆ ಆ ಜಾಗ ಇನ್ನೂ ಹುಟ್ಟಿರಲಿಲ್ಲ. ಆದರೂ ಸಹಿ ಹಾಕಿದ್ದೆ.

ಮರುದಿನ ಬೆಳಿಗ್ಗೆ ಮಣಿಪಾಲದ ಆ ರೆಸ್ಟೋರೆಂಟಿನ ಬಾಗಿಲಲ್ಲಿ ನಿಂತೆ. ಮಾಲೀಕರು "ಶೋಕಿಯ ಸಾಮಾನು ಬೇಕಾಯ್ತಾ ಮೇಡಂ?" ಎಂದರು. ಬೇಕಾಯಿತು ಎಂದು ಒಪ್ಪಿಕೊಂಡೆ. ಮೂರು ಇನ್‌ಫ್ರಾರೆಡ್ ಹೀಟರ್ ಬಿಚ್ಚಿ ಕೊಟ್ಟರು. ವಿದ್ಯುತ್ತಿಗೂ ಅದರದೇ ಅಪಾಯವಿದೆ: ಕೂರುವವಳು ಒದ್ದೆ, ಸುತ್ತ ತೆಂಗಿನ ಹಾಲು ಎರಚಾಡುವ ಜನ. ಅವು ನೀರು ಸಿಡಿದರೂ ತಡೆಯುವ ಮಾದರಿಯವೆಂದು ಖಚಿತ ಮಾಡಿಕೊಂಡು, ಎಂಟಡಿ ಎತ್ತರಕ್ಕೆ, ಯಾರ ಕೈಗೂ ಸಿಗದಂತೆ ಕಬ್ಬಿಣದ ಕಂಬಗಳಿಗೆ ಬಿಗಿಸಿದೆವು. ಒಂದೊಂದೂ ಎರಡು ಸಾವಿರ ವ್ಯಾಟ್ ಎಳೆಯುವುದರಿಂದ ಪ್ರತಿಯೊಂದಕ್ಕೂ ಬೇರೆ ಲೈನು, ಒಂಚೂರು ವಿದ್ಯುತ್ ಸೋರಿದರೂ ಕ್ಷಣದಲ್ಲಿ ಕಡಿಯುವ ಸ್ವಿಚ್ಚು. ಗಾಳಿ ಬೀಸುವ ಪಡುವಣ ಬದಿಗೆ ಮಾತ್ರ ಟಾರ್ಪಾಲು ಉಳಿಸಿ ಮೂರು ಬದಿ ತೆರೆಸಿದೆ. ಪಕ್ಕದ ಮನೆಯ ಕಟ್ಟಿಗೆ ರಾಶಿ ವೀಡಿಯೋದಲ್ಲಿ ಚೆನ್ನಾಗಿಯೇ ಬಂದಿದೆ.

ಈ ಸಲ ನಾನು ಕೊನೆಯ ಹಗ್ಗ ಕಟ್ಟುವವರೆಗೂ ಅಲ್ಲೇ ಕುರ್ಚಿ ಹಾಕಿ ಕುಳಿತೆ. ಸಂಜೆ ಲವೀನಾ ಅಡಿಯಿಂದ ಮುಡಿಯವರೆಗೆ ತೊಯ್ದು ಕುಳಿತಳು. ರೋಸಿನ ಹಾಡು ಮುಗಿಯುವ ತನಕ ಒಮ್ಮೆಯೂ ಕೆಮ್ಮಲಿಲ್ಲ. ಅವಳ ತಾಯಿ ಹಾಡಿನ ನಡುನಡುವೆ ಮಗಳ ಎದೆಯ ಏರಿಳಿತವನ್ನೇ ನೋಡುತ್ತಿದ್ದರು.

ಅಂದಿನಿಂದ ನಿವೃತ್ತಿಯಾಗುವ ದಿನದವರೆಗೆ, ಜನ ಕೂರುವ ಜಾಗ ಪೂರ್ತಿ ತಯಾರಾಗುವ ಮುಂಚೆ ನಾನು ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ಅದಕ್ಕಾಗಿ ಬೈಸಿಕೊಂಡದ್ದೂ ಇದೆ. ಆದರೆ ಆ ಚಪ್ಪರ ನನಗೆ ಕಲಿಸಿದ ಪಾಠವನ್ನು ಪೂರ್ತಿ ಮಾಡಿದ್ದು ಮಲ್ಲಪ್ಪನವರು. ಅವರು ಬಿದ್ದು ಎರಡು ದಿನವಾದ ಮೇಲೆ, ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಹೋಗಿ, ತಪ್ಪು ನನ್ನದು ಎಂದು ಹೇಳಿದೆ. ಅವರು ಮುಜುಗರದಿಂದ ಎದ್ದು ನಿಂತರು. ಏನಾದರೂ ಬೇಕಾ ಎಂದು ಕೇಳಿದೆ. ಅವರು ಹೇಳಿದರು:

"ನಾ ಅವತ್ತು ಕುಡದಿದ್ದಿಲ್ಲಂತ ಒಂದು ಕಾಗದದಾಗ ಬರದು ಸಹಿ ಮಾಡಿ ಕೊಡ್ರಿ ಮೇಡಮ್ಮಾರ. ನಾ ಹೇಳಿದ್ರ ಮಾಲಕರು ನಂಬಂಗಿಲ್ಲ. ನಿಮ್ಮ ಸಹಿ ನಂಬತಾರ."

ಬ್ಯಾಗಿನಿಂದ ಲೆಟರ್‌ಹೆಡ್ ತೆಗೆದು, ಆಸ್ಪತ್ರೆಯ ಬೆಂಚಿನ ಮೇಲಿಟ್ಟು ಬರೆದುಕೊಟ್ಟೆ.