ಪುಂಡಿ ನಾರಿನ ಹಲಗೆಗೆ ನಾನು ಕೊಟ್ಟ ನೀರು

ಹಲಗೆ ಉಬ್ಬುವುದನ್ನು ನೀವು ನೋಡಿದ್ದೀರಾ? ನಾನು ಕಳೆದ ಭಾನುವಾರ ನೋಡಿದೆ. ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು. ಮೇಲೆ ಹೇರಿದ್ದ ಕಲ್ಲನ್ನೂ ಎತ್ತಿಕೊಂಡು!

ಆಳಂದದ ನನ್ನ ಗೆಳೆಯ ಶಂಕ್ರಣ್ಣ ಕೆಮಿಸ್ಟ್ರಿ ಲೆಕ್ಚರರ್. ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ಮುಂಬಯಿಯಿಂದ ತರಿಸಿದ ಕಂದು ಕೆಮಿಕಲ್ ಬೆರೆಸಿ, ಪುಂಡಿ ನಾರಿನ ಮೇಲೆ ಸುರಿದು, ಒತ್ತಿಟ್ಟರೆ ಮರದಷ್ಟು ಗಟ್ಟಿ ಹಲಗೆಯಾಗುತ್ತದೆ ಎಂಬುದು ಅವನ ಹಟ. ಅದಕ್ಕೆ ಪಾಲಿಯುರೆಥೇನ್ ಎಂದು ಹೆಸರಂತೆ. (ಹೇಳಿ ಮುಗಿಸುವಷ್ಟರಲ್ಲಿ ಹಲಗೆಯೇ ಒಣಗಿರುತ್ತದೆ.) ಪುಂಡಿ ಎಂದರೆ ಪಲ್ಯದ ಸೊಪ್ಪು ಎಂದಷ್ಟೇ ತಿಳಿದಿದ್ದ ನನಗೆ, ಅದರ ಕಾಂಡದಿಂದ ನಾರೂ ಬರುತ್ತದೆ ಎಂಬಲ್ಲಿಂದಲೇ ಗೊಂದಲ.

ನಾರು ಪಕ್ಕದ ಮಟಕಿ ಊರಿನ ಭೀಮಶಾ ಕಾಕಾನದು. ಹಗ್ಗ ಹೊಸೆಯುವುದು ಅವನ ಕಸುಬು. ನೈಲಾನ್ ಬಂದ ಮೇಲೆ ಅವನ ಹಗ್ಗ ಕೇಳುವವರಿಲ್ಲ. ಈ ಹಲಗೆ ಗೆದ್ದರೆ ತನ್ನ ಕಸುಬೂ ಉಳಿಯಿತು ಎಂದು ನಂಬಿ, ಹೊರೆ ಹೊತ್ತು ತಾನೇ ಬಂದಿದ್ದ.

"ನಾರು ನಾನೇ ಹಾಸ್ತೇನ್ರಿ. ಒಂದ್ ತಂಬಿಗಿ ನೀರ್ ಕೊಡ್ರಿ," ಎಂದ. ಶಂಕ್ರಣ್ಣ ಒಳಗೆ ಎಣ್ಣೆ ಅಳೆಯುತ್ತಿದ್ದ. ಬಾಯಾರಿರಬೇಕು ಎಂದು ನಾನೇ ಕೊಟ್ಟೆ. ಕಾಕಾ ಒಂದು ಗುಟುಕೂ ಕುಡಿಯಲಿಲ್ಲ. ನಾರಿಗೆ ಚಿಮುಕಿಸಿ, ನೇವರಿಸಿ, ಎಳೆ ಎಳೆಯಾಗಿ ಹಾಸಿದ. ಎಷ್ಟು ಚೆಂದ ಹಾಸಿದ!

ಆಮೇಲೆ ಕೆಮಿಕಲ್ ಸುರಿದರು, ಕಲ್ಲು ಹೇರಿದರು, ಹಲಗೆ ಉಬ್ಬಿತು.

"ಏಳಾಕತ್ತದ ನೋಡ್ರಿ!" ಕಾಕಾನಿಗೆ ಹಿಗ್ಗು. ಶಂಕ್ರಣ್ಣ ತಲೆಯ ಮೇಲೆ ಕೈ ಹೊತ್ತ. ಆ ಕೆಮಿಕಲ್‌ಗೆ ನೀರು ತಾಗಿದರೆ ಗ್ಯಾಸ್ ಎದ್ದು ಒಳಗೆಲ್ಲ ಗುಳ್ಳೆಯಾಗುತ್ತದಂತೆ. ತಾಸು ಬಿಟ್ಟು ಮೊಣಕಾಲೂರಿದರೆ ಬೆಂಡಿನ ಹಾಗೆ ಮುರಿಯಿತು.

"ನೀರ್ ಯಾಕ್ ಹಾಕಿದ್ರಿ ಕಾಕಾ?" ಎಂದ ಶಂಕ್ರಣ್ಣ.

"ನೀರ್ ಕೊಡದ ನಾರಿಗೆ ಕೈ ಹಚ್ಚಬಾರ್ದಂತ ನಮ್ಮಪ್ಪ ಬಡದು ಕಲಿಸ್ಯಾನ್ರಿ."

ತಪ್ಪು ಯಾರದು? ಬಡಿದು ಕಲಿಸಿದ ಅಪ್ಪನದೇ? ಮೊದಲೇ ಹೇಳದ ಶಂಕ್ರಣ್ಣನದೇ? ತಂಬಿಗೆ ಕೊಟ್ಟ ನನ್ನದೇ? ನಾಚಿಕೆಯಂತೂ ನನಗಾಯಿತು.

"ಒಣಾ ನಾರು ಕಳಿಸ್ರಿ ಸಾಕು. ನೀವು ಬರೂದು ಬ್ಯಾಡ," ಎಂದ ಶಂಕ್ರಣ್ಣ.

ಮೊನ್ನೆ ಎರಡನೆಯ ಹಲಗೆ ಆಯಿತು. ನಾರನ್ನು ಬಿಸಿಲಿಗೆ ಕಾಯಿಸಿ ಶಂಕ್ರಣ್ಣನೇ ತುರುಕಿದ್ದ. ನಾನು ಎರಡೂ ಕಾಲಿಟ್ಟು ನಿಂತೆ. ಅಲುಗಲಿಲ್ಲ! ಸಂಭ್ರಮ ತಡೆಯಲಾರದೆ ಮಟಕಿಗೆ ಹೋಗಿ ಸುದ್ದಿ ಹೇಳಿದೆ. ಕಾಕಾ ನಕ್ಕ. ಆಮೇಲೆ ತನ್ನ ಅಂಗೈ ನೋಡಿಕೊಂಡ.

"ಚಲೋ ಆತ್ರಿ. ನಾರು ಬೇಕು, ನಾ ಬ್ಯಾಡ. ಇದಕ್ಕ ನಾ ನಗಬೇಕೋ ಅಳಬೇಕೋ, ಓದಿದವ್ರು ನೀವೇ ಹೇಳ್ರಿ."

ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದು ಬಂದೆ. ನೀವೂ ಓದಿದವರೇ ಅಲ್ಲವೇ, ಮಟಕಿಗೆ ಏನು ಉತ್ತರ ಒಯ್ಯಲಿ?